ಮೈಸೂರಿನ ಹುಳು, ಕೃಷ್ಣಗಿರಿಯ ಗೂಡು: ಸಂಶೋಧನೆ ಗಡಿ ದಾಟುವುದು ಹೇಗೆ?

ಪ್ರಶ್ನೆ: ನಾನು ಶಿಡ್ಲಘಟ್ಟ ತಾಲ್ಲೂಕಿನವಳು, ಅರ್ಥಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೇನೆ. ನಮ್ಮ ಮನೆಯಲ್ಲಿ ತಾತನ ಕಾಲದಿಂದ ರೇಷ್ಮೆ ಇದೆ, ಇವತ್ತಿಗೂ ಮಿಶ್ರತಳಿಯನ್ನೇ, ಅಂದರೆ ಮೈಸೂರು ತಳಿಗೆ ಹೊರಗಿನ ತಳಿ ಕೂಡಿಸಿದ ಹುಳುವನ್ನೇ, ಮೇಯಿಸುತ್ತೇವೆ. ಕೃಷ್ಣಗಿರಿ ಕಡೆಯ ನಮ್ಮ ನೆಂಟರು ರೇಷ್ಮೆಗೆ ಬಂದು ಹತ್ತು ಹದಿನೈದು ವರ್ಷವಾಗಿದೆ ಅಷ್ಟೇ, ಅವರ ಮನೆಯಲ್ಲಿ ಬರೀ ಬೈವೋಲ್ಟೀನ್. ಆ ತಳಿ ಹುಟ್ಟಿದ್ದು ಮೈಸೂರಿನಲ್ಲಂತೆ. ನಮ್ಮಲ್ಲಿ ಹುಟ್ಟಿದ್ದು ನಮ್ಮನ್ನು ದಾಟಿ ಪಕ್ಕದವರ ಮನೆಯಲ್ಲಿ ನೆಲೆಯಾದದ್ದು ಹೇಗೆ? ಎಲ್ಲ ಪ್ರಬಂಧಗಳೂ ಫೋನಿನಲ್ಲೇ ಸಿಗುವ ಈ ಕಾಲದಲ್ಲಿ ಹತ್ತಿರ, ದೂರ ಎನ್ನುವುದಕ್ಕೆ ಅರ್ಥವಿದೆಯೇ? ಇದು ನಮ್ಮ ರಾಜ್ಯಕ್ಕೆ ನಷ್ಟವಲ್ಲವೇ?

ಉತ್ತರ: ನಿಮ್ಮ ಮನೆಯ ಮತ್ತು ನೆಂಟರ ಮನೆಯ ನಡುವೆ ಇರುವ ಈ ವ್ಯತ್ಯಾಸವನ್ನು ಅರ್ಥಶಾಸ್ತ್ರಜ್ಞರು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಬಿಡಿಸಲು ಹೆಣಗಿದ್ದಾರೆ. ನಾನು ರೇಷ್ಮೆ ವಿಸ್ತರಣೆಯ ಕೆಲಸದಲ್ಲೇ ವಯಸ್ಸು ಕಳೆದವನು. ಹಾಗಾಗಿ ಹುಳು, ಸೊಪ್ಪು, ಗೂಡಿನ ಮೂಲಕವೇ ಉತ್ತರ ಹೇಳುತ್ತೇನೆ.

ಮೊದಲು ಎರಡು ಶೋಧಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯಿಂದ ಹೆಚ್ಚುಕಡಿಮೆ ಒಂದೇ ಹೊತ್ತಿಗೆ, 1997ರ ಆಸುಪಾಸಿನಲ್ಲಿ, ಎರಡು ದೊಡ್ಡ ಫಲಗಳು ಹೊರಬಂದವು. ಒಂದು, ವಿ-1 ಎಂಬ ಹಿಪ್ಪುನೇರಳೆ ತಳಿ. ಇನ್ನೊಂದು, ಸಿಎಸ್‌ಆರ್-2 ಮತ್ತು ಸಿಎಸ್‌ಆರ್-4 ಎಂಬ ಎರಡು ದ್ವಿತಳಿ, ಅಂದರೆ ನೀವು ಹೇಳಿದ ಬೈವೋಲ್ಟೀನ್, ಹುಳುಗಳನ್ನು ಕೂಡಿಸಿ ಪಡೆದ ಸಂಕರಣ. ಒಂದೇ ಆವರಣದಲ್ಲಿ ಹುಟ್ಟಿದವು, ಒಂದೇ ರೈತನಿಗಾಗಿ ತಯಾರಾದವು. ಆದರೆ ಅವು ಹರಡಿದ ರೀತಿ ಒಂದೇ ಅಲ್ಲ.

ವಿ-1 ಕಾಲುನಡಿಗೆಯಲ್ಲೇ ಹೋಯಿತು ಎನ್ನಬಹುದು. ಅದರ ಕಡ್ಡಿ ನೆಟ್ಟರೆ ಚೆನ್ನಾಗಿ ಬೇರು ಬಿಡುತ್ತದೆ. ಒಬ್ಬ ರೈತನ ತೋಟದಲ್ಲಿ ದಪ್ಪ, ಅಗಲ, ರಸಭರಿತ ಎಲೆ ಕಂಡ ಇನ್ನೊಬ್ಬ ಒಂದು ಹೊರೆ ಕಡ್ಡಿ ಕೇಳಿ ತಂದ. ಮದುವೆಗೆ ಹೋದವರು ತಂದರು, ಸಂತೆಗೆ ಹೋದವರು ತಂದರು. ಅಲ್ಲಿಯವರೆಗೆ ನಮ್ಮಲ್ಲಿ ಮನೆಮಾತಾಗಿದ್ದುದು ಎಂ-5, ಚನ್ನಪಟ್ಟಣದ ಬಳಿಯ ಕಣ್ವದ ಹೆಸರಿನಿಂದ ಕಣ್ವ-2 ಎಂದೂ ಕರೆಸಿಕೊಂಡ ತಳಿ. ನೀರು, ಗೊಬ್ಬರ ಸರಿಯಾಗಿ ಸಿಕ್ಕರೆ ವಿ-1 ಅದಕ್ಕಿಂತ ಬಹಳ ಹೆಚ್ಚು, ಹೆಕ್ಟೇರಿಗೆ ವರ್ಷಕ್ಕೆ 60 ಟನ್ ಆಸುಪಾಸು ಸೊಪ್ಪು ಕೊಡುತ್ತದೆ. ಇದನ್ನು ರೈತನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ, ಪಕ್ಕದ ಹೊಲದ ಬದುವಿನ ಮೇಲೆ ನಿಂತರೆ ಕಾಣುತ್ತಿತ್ತು. ಕರ್ನಾಟಕ, ಆಂಧ್ರ, ತಮಿಳುನಾಡು ಮೂರೂ ಕಡೆ ಅದು ಹಬ್ಬಿತು.

ದ್ವಿತಳಿ ಹುಳುವಿನ ಪ್ರಯಾಣವೇ ಬೇರೆ. ರೈತ ತಾನು ಬೆಳೆದ ಗೂಡಿನಿಂದ ಚಿಟ್ಟೆ ಹೊರಡಿಸಿ ಮೊಟ್ಟೆ ಮಾಡಿಕೊಳ್ಳುವಂತಿಲ್ಲ, ಮುಂದಿನ ತಲೆಮಾರಿಗೆ ಸಂಕರಣದ ಕಸುವು ಉಳಿಯುವುದಿಲ್ಲ. ಪ್ರತಿ ಬೆಳೆಗೂ ಗ್ರೈನೇಜಿನಿಂದ, ಅಂದರೆ ಮೊಟ್ಟೆ ತಯಾರಿಸುವ ಕೇಂದ್ರದಿಂದ, ಹೊಸ ಮೊಟ್ಟೆ ಬೇಕು. ಚಾಕಿ ಹುಳುವಿಗೆ, ಅಂದರೆ ಮರಿಹುಳುವಿಗೆ, 27-28 ಡಿಗ್ರಿ ಶಾಖ, ಗಾಳಿಯಲ್ಲಿ ಒಳ್ಳೆಯ ತೇವ ಬೇಕು. ದೊಡ್ಡ ಹುಳುವಿಗೆ 24-25 ಡಿಗ್ರಿ, ಗಾಳಿಯಾಟ ಬೇಕು. ವಾಸದ ಮನೆಯ ಪಡಸಾಲೆಯಲ್ಲಿ ಇದು ಕಷ್ಟ, ಪ್ರತ್ಯೇಕ ಹುಳುಮನೆ ಬೇಕು. ಒಂದು ಬೆಳೆ ಮುಗಿದ ಮೇಲೆ ಸೋಂಕು ನಿವಾರಣೆ ಕಟ್ಟುನಿಟ್ಟಾಗಿ ಆಗಬೇಕು, ಇಲ್ಲದಿದ್ದರೆ ಹಾಲುತೊಂಡೆಯೋ ಸಪ್ಪೆ ರೋಗವೋ ಬಂದು ಐದನೇ ಹಂತದಲ್ಲಿ, ಗೂಡು ಕಟ್ಟುವ ಮುಂಚಿನ ಕೊನೆಯ ಹಂತದಲ್ಲಿ, ಇಡೀ ಬೆಳೆ ಹೋಗುತ್ತದೆ. ಕೊನೆಗೆ, ಆ ಬಿಳಿ ಗೂಡಿನ ನೂಲನ್ನು ಅದರ ಯೋಗ್ಯತೆಗೆ ತಕ್ಕಂತೆ ತೆಗೆಯುವ ರೀಲರ್ ಸಿಗಬೇಕು. ಅಂದರೆ, ವಿ-1 ತರುವವನು ಕಡ್ಡಿಯನ್ನಷ್ಟೇ ತಂದರೆ ಸಾಕಿತ್ತು. ಸಿಎಸ್‌ಆರ್ ಹುಳು ತರುವವನು ಗ್ರೈನೇಜು, ಹುಳುಮನೆ, ಅಭ್ಯಾಸ, ಮಾರುಕಟ್ಟೆ ಎಲ್ಲವನ್ನೂ ಜೊತೆಗೆ ಹೊತ್ತು ತರಬೇಕು.

ನನ್ನ ಇಡೀ ಉತ್ತರ ನಿಂತಿರುವುದು ಇದರ ಮೇಲೆ. ಒಂದು ಶೋಧ ಎಷ್ಟು ದೂರ, ಎಷ್ಟು ಬೇಗ ಹೋಗುತ್ತದೆ ಎನ್ನುವುದನ್ನು ಆ ಶೋಧದ ಯೋಗ್ಯತೆಗಿಂತ ಹೆಚ್ಚಾಗಿ ಅದರ ಜೊತೆ ಏನೇನು ಹೊರಬೇಕು ಎನ್ನುವುದು ನಿರ್ಧರಿಸುತ್ತದೆ. ಪ್ರಬಂಧದಲ್ಲಿ ಬರೆಯಲಾಗುವುದು ಆ ಹೊರೆಯ ಒಂದು ಸಣ್ಣ ಭಾಗ. ಉಳಿದದ್ದು ಕಣ್ಣಿನಲ್ಲಿ, ಕೈಯಲ್ಲಿ ಇರುತ್ತದೆ. ಹುಳು ಜ್ವರಕ್ಕೆ ಕೂತಿದೆ, ಅಂದರೆ ಪೊರೆ ಬಿಡಲು ಮೇವು ನಿಲ್ಲಿಸಿದೆ, ಈಗ ಸೊಪ್ಪು ನಿಲ್ಲಿಸಬೇಕು ಎಂದು ಪುಸ್ತಕ ಹೇಳುತ್ತದೆ. ಆದರೆ ತಟ್ಟೆಯಲ್ಲಿ ನೂರಕ್ಕೆ ಎಷ್ಟು ಹುಳು ಕೂತಾಗ ನಿಲ್ಲಿಸಬೇಕು, ತಲೆಯೆತ್ತಿದ ಹುಳು ಜ್ವರದ್ದೋ ರೋಗದ್ದೋ, ಹಣ್ಣಾದ ಹುಳುವಿನ ಮೈ ಎಷ್ಟು ಪಾರದರ್ಶಕವಾದಾಗ ಆರಿಸಿ ಗೂಡು ಕಟ್ಟಲು ಚಂದ್ರಿಕೆ ತಟ್ಟೆಗೆ ಬಿಡಬೇಕು, ಇವನ್ನು ಯಾರ ಪಕ್ಕದಲ್ಲಾದರೂ ನಿಂತೇ ಕಲಿಯಬೇಕು. ನಿಮ್ಮ ಅಜ್ಜಿಗೆ ಇದೆಲ್ಲ ಗೊತ್ತು, ಅವರು ಎಲ್ಲೂ ಬರೆದಿಟ್ಟಿರಲಿಕ್ಕಿಲ್ಲ.

ಫೋನಿನಲ್ಲಿ ಎಲ್ಲ ಸಿಗುವಾಗ ಹತ್ತಿರಕ್ಕೆ ಏನು ಬೆಲೆ ಎಂಬ ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ. ಒಂದೇ ಕಸುಬಿನವರು ಒಂದೆಡೆ ನೆಲೆಸಿದಾಗ ಕಸುಬಿನ ಗುಟ್ಟುಗಳು ಗುಟ್ಟಾಗಿ ಉಳಿಯುವುದಿಲ್ಲ, ಮಕ್ಕಳು ಗೊತ್ತಿಲ್ಲದೆಯೇ ಅವನ್ನು ಕಲಿಯುತ್ತಾರೆ ಎಂದು ಆಲ್‌ಫ್ರೆಡ್ ಮಾರ್ಷಲ್ 1890ರಲ್ಲೇ ಗುರುತಿಸಿದ್ದರು. ಮೊನ್ನೆ ಮೊನ್ನೆಯವರೆಗೆ ಅದನ್ನು ಅಳೆಯುವುದು ಕಷ್ಟವಿತ್ತು. 1993ರಲ್ಲಿ ಆಡಮ್ ಜಾಫಿ, ಮ್ಯಾನುಯೆಲ್ ಟ್ರಾಯ್ಟನ್‌ಬರ್ಗ್, ರೆಬೆಕಾ ಹೆಂಡರ್ಸನ್ ಅಮೆರಿಕದ ಪೇಟೆಂಟುಗಳನ್ನು ಹಿಡಿದು ನೋಡಿದರು. ಒಂದು ಪೇಟೆಂಟು ತನಗಿಂತ ಮುಂಚಿನ ಯಾವುದನ್ನು ಉಲ್ಲೇಖಿಸುತ್ತದೆ ಎನ್ನುವುದು ದಾಖಲೆಯಲ್ಲಿರುತ್ತದಲ್ಲ, ಅದು ಜ್ಞಾನ ನಡೆದು ಹೋದ ಹೆಜ್ಜೆಗುರುತು. ಒಂದು ಉದ್ಯಮ ಹೇಗೂ ಒಂದೇ ಊರಿನಲ್ಲಿ ಗುಂಪುಗೂಡಿರುವುದನ್ನು ಲೆಕ್ಕದಿಂದ ಕಳೆದ ಮೇಲೂ, ಉಲ್ಲೇಖಗಳು ಅದೇ ನಗರ, ಅದೇ ರಾಜ್ಯದ ಒಳಗೆ ಹೆಚ್ಚಾಗಿ ಸಿಕ್ಕವು. ಪೇಟೆಂಟು ಎಂದರೆ ಯಾರು ಬೇಕಾದರೂ ಓದಬಹುದಾದ ಬಹಿರಂಗ ದಾಖಲೆ. ಅದೇ ಹೀಗೆ ನೆರೆಯಲ್ಲಿ ಹೆಚ್ಚು ಸುಳಿದಾಡಿದರೆ, ಹುಳು ಮೇಯಿಸುವ ಹದ ಎಷ್ಟು ನೆರೆಗೆ ಅಂಟಿಕೊಂಡಿರಬೇಡ.

ಆದರೆ ನೆರೆ ಎಂದರೆ ಯಾವುದು? ಇಲ್ಲಿ ನಕ್ಷೆ ನಮ್ಮನ್ನು ದಾರಿ ತಪ್ಪಿಸುತ್ತದೆ. ರಾಜ್ಯದ ಗೆರೆಯೇ ಜ್ಞಾನದ ಗೆರೆ ಎಂದುಕೊಂಡರೆ ನಿಮ್ಮ ಪ್ರಶ್ನೆ ಬಿಡಿಸಲಾಗದ ಗಂಟಾಗುತ್ತದೆ. ರೇಷ್ಮೆಯ ನೆರೆಯನ್ನು ಮಾಡಿದ್ದು ಮಾತು, ನೆಂಟಸ್ತಿಕೆ ಮತ್ತು ಗೂಡಿನ ಮಾರುಕಟ್ಟೆ. ಮಡಕಶಿರಾ, ಹಿಂದೂಪುರದ ಕಡೆ ಮನೆಯಲ್ಲಿ ಕನ್ನಡ ಆಡುವವರು ಇದ್ದಾರೆ. ತಾಳವಾಡಿಯಲ್ಲೂ ಹೊಸೂರಿನಲ್ಲೂ ಹಾಗೆಯೇ. ಬಾಗೇಪಲ್ಲಿಯವರಿಗೆ ತೆಲುಗು ಮನೆಮಾತು. ಕೊಳ್ಳೇಗಾಲವಂತೂ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆ ರಾಜ್ಯದ ಹಿಪ್ಪುನೇರಳೆಯ ಬಹುಭಾಗ ಇದ್ದದ್ದೇ ಅಲ್ಲಿ. ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರಿಗೆ ಸೇರಿದಾಗ ಮದ್ರಾಸಿನ ಕೈಯಲ್ಲಿ ರೇಷ್ಮೆ ಬಹುಮಟ್ಟಿಗೆ ಉಳಿಯಲಿಲ್ಲ. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮತ್ತೆ ಇದಕ್ಕೆ ಬರುತ್ತೇನೆ.

ಇನ್ನು ರಾಮನಗರ. ಅಲ್ಲಿನ ಸರ್ಕಾರಿ ಗೂಡಿನ ಮಾರುಕಟ್ಟೆಗೆ ಆಂಧ್ರ, ತಮಿಳುನಾಡಿನ ಗೂಡು ಬರುವುದು ನಿಮಗೂ ಗೊತ್ತು. ಮಹಾರಾಷ್ಟ್ರದ ಬೀಡ್, ಜಾಲ್ನಾ ಕಡೆಯ ರೈತರೂ ಅಷ್ಟು ದೂರದಿಂದ ಗೂಡು ಹೊತ್ತು ಬಂದಿದ್ದಾರೆ. ಅವರು ವಾಪಸು ಒಯ್ಯುತ್ತಿದ್ದುದು ಹಣವನ್ನು ಮಾತ್ರ ಎಂದು ನಾನು ಒಪ್ಪುವುದಿಲ್ಲ. ಪಕ್ಕದ ಜಾಲರಿಯಲ್ಲಿ ಸುರಿದ ಗೂಡು ತನ್ನದಕ್ಕಿಂತ ಗಟ್ಟಿಯಾಗಿದೆ, ಅದಕ್ಕೆ ಕಿಲೋಗೆ ಹೆಚ್ಚು ಬೆಲೆ ಕೂಗಿದರು ಎಂದರೆ ಯಾವ ರೈತನೂ ಸುಮ್ಮನೆ ಬಸ್ಸು ಹತ್ತುವುದಿಲ್ಲ. ಯಾವ ಊರು, ಯಾವ ಮೊಟ್ಟೆ, ಯಾವ ಚಾಕಿ ಎಂದು ಕೇಳಿಯೇ ಹೋಗುತ್ತಾನೆ. ಹರಾಜಿನ ಕಟ್ಟೆ ಪರೀಕ್ಷೆಯ ಫಲಿತಾಂಶವನ್ನು ಎಲ್ಲರ ಮುಂದೆ ಕೂಗಿ ಹೇಳುವ ಜಾಗ.

ಈ ದಾರಿಗಳು ಬಹಳ ಹಳೆಯವು, ಬಹಳ ಉದ್ದವೂ ಹೌದು. ಟಿಪ್ಪು ಸುಲ್ತಾನ್ ಬಂಗಾಳದಿಂದ ರೇಷ್ಮೆ ಹುಳು ತರಿಸಿದ್ದು ನಿಮಗೆ ಗೊತ್ತಿರುತ್ತದೆ. ಬೆಂಗಳೂರಿನಲ್ಲಿ ಜಮ್‌ಸೆಟ್‌ಜಿ ಟಾಟಾ ರೇಷ್ಮೆ ಫಾರಂ ತೆರೆದಾಗ ಪುಸ್ತಕ ತರಿಸಿ ಕೈಬಿಡಲಿಲ್ಲ, ಕೈಹಿಡಿದು ಕಲಿಸಲು ಜಪಾನಿನಿಂದ ಜನರನ್ನೇ ಕರೆಸಿದರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಮೈಸೂರು ಸಂಸ್ಥಾನ ಇಟಲಿಯ ತಜ್ಞ ವಾಷಿಂಗ್ಟನ್ ಮಾರಿಯವರನ್ನು ನೇಮಿಸಿಕೊಂಡಿತು. ರೋಗರಹಿತ ಮೊಟ್ಟೆಯ ವಿದ್ಯೆ ಇನ್ನೂ ಹಿಂದಿನದು. 1865ರಿಂದ ಲೂಯಿ ಪಾಶ್ಚರ್ ದಕ್ಷಿಣ ಫ್ರಾನ್ಸಿನ ಅಲೆಸ್‌ನಲ್ಲಿ ಕೂತು ರೇಷ್ಮೆ ಹುಳುವಿನ ಗಂಟು ರೋಗದ ಮೂಲ ಹುಡುಕಿದರು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡು, ರೋಗದ ಕಣ ಕಂಡರೆ ಅದರ ಮೊಟ್ಟೆಯನ್ನು ಎಸೆ. ಇವತ್ತು ನಮ್ಮ ಗ್ರೈನೇಜುಗಳಲ್ಲಿ ತಾಯಿ ಚಿಟ್ಟೆ ಪರೀಕ್ಷೆ ಎಂದು ಮಾಡುವುದು ಇದನ್ನೇ.

ಇವುಗಳಲ್ಲಿ ನನಗೆ ತುಂಬ ಹಿಡಿಸಿದ ಕಥೆ ಟೊಯಾಮ ಕಾಮೆಟಾರೊ ಅವರದು. ಈ ಜಪಾನಿ ವಿಜ್ಞಾನಿ 20ನೇ ಶತಮಾನದ ಆರಂಭದಲ್ಲಿ ಕೆಲವು ವರ್ಷ ಸಯಾಮಿನಲ್ಲಿ, ಅಂದರೆ ಇಂದಿನ ಥಾಯ್ಲೆಂಡಿನಲ್ಲಿ, ರೇಷ್ಮೆ ತಜ್ಞರಾಗಿ ಕೆಲಸ ಮಾಡಿದರು. ಅಲ್ಲಿನ ಉಷ್ಣವಲಯದ ಹುಳುವನ್ನೂ ಜಪಾನಿನ ಹುಳುವನ್ನೂ ಕೂಡಿಸಿ ನೋಡಿದರು. ಮೆಂಡೆಲ್‌ನ ನಿಯಮ ರೇಷ್ಮೆ ಹುಳುವಿಗೂ ಅನ್ವಯಿಸುತ್ತದೆ ಎಂದು 1906ರಲ್ಲಿ ತೋರಿಸಿದ್ದು ಅವರೇ. ಮೊದಲ ತಲೆಮಾರಿನ ಸಂಕರಣ ತಾಯಿತಂದೆಗಿಂತ ಕಸುವುಳ್ಳದ್ದು ಎಂಬ ಅರಿವು ಜಪಾನಿನ ರೇಷ್ಮೆಯನ್ನೇ ಬದಲಿಸಿತು. ಗಮನಿಸಿ, ಕಲಿಸಲು ಹೋದವರು ಕಲಿತು ಬಂದರು. ಮುಂದೆ ನಮ್ಮಲ್ಲೂ ಮೈಸೂರು ತಳಿಯ ಹೆಣ್ಣಿಗೆ ಹೊರಗಿನ ಗಂಡು ಕೂಡಿಸಿದ ಮಿಶ್ರತಳಿ ಬಂದು ನೆಲೆಯೂರಿತು. ನಿಮ್ಮ ತಾತ ಮೇಯಿಸಿದ್ದು ಅದನ್ನೇ.

ಸಿಎಸ್‌ಆರ್ ಹುಳುಗಳೂ ಹೀಗೇ ಬಂದವು. 1991ರಲ್ಲಿ ಜಪಾನಿನ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆ ಜೈಕಾ ಜೊತೆ ಸೇರಿ ಮೈಸೂರಿನ ಸಂಸ್ಥೆಯಲ್ಲಿ ದ್ವಿತಳಿ ಯೋಜನೆ ಶುರುವಾಯಿತು. ಜಪಾನಿನ ತಜ್ಞರು ಬಂದು ವರ್ಷಗಟ್ಟಲೆ ನಮ್ಮವರ ಜೊತೆ ಕೆಲಸ ಮಾಡಿದರು. ಹುಳು ಸಿದ್ಧವಾದ ಮೇಲೆ 1997ರಿಂದ ಯೋಜನೆ ಪ್ರಯೋಗಶಾಲೆ ಬಿಟ್ಟು ಕರ್ನಾಟಕ, ಆಂಧ್ರ, ತಮಿಳುನಾಡಿನ ರೈತರ ಮನೆಗಳಿಗೆ ಹೋಯಿತು. ಒಂದು ರಾಜ್ಯದ ಗುಟ್ಟು ಇನ್ನೊಂದಕ್ಕೆ ಸೋರಿದ್ದಲ್ಲ ಇದು. ಮೂರೂ ರಾಜ್ಯಕ್ಕೆ ಒಟ್ಟಿಗೆ ಬಡಿಸಿದ ಊಟ. ಸಂಸ್ಥೆ ಮೈಸೂರಿನಲ್ಲಿದ್ದರೂ ಅದು ಕೇಂದ್ರ ರೇಷ್ಮೆ ಮಂಡಳಿಯದು, ಇಡೀ ದೇಶದ ಹಣದಿಂದ ನಡೆಯುವಂಥದು.

ಹಾಗಿದ್ದರೆ ತಮಿಳುನಾಡು ಏಕೆ ಹೆಚ್ಚು ಉಂಡಿತು? ಇವತ್ತು ಅಲ್ಲಿನ ಗೂಡಿನಲ್ಲಿ ಬಹುಪಾಲು ದ್ವಿತಳಿಯೇ. ಕರ್ನಾಟಕ ಒಟ್ಟು ಉತ್ಪಾದನೆಯಲ್ಲಿ ದೇಶಕ್ಕೇ ಮೊದಲು, ಆದರೆ ಮಿಶ್ರತಳಿ ಇನ್ನೂ ಬಲವಾಗಿ ನಿಂತಿದೆ. ಇದನ್ನು ನಮ್ಮ ರೈತರ ಹಟ ಎಂದು ಬೈಯುವವರನ್ನು ಕಂಡಿದ್ದೇನೆ. ನನಗೆ ಅದು ಅನ್ಯಾಯ ಎನಿಸುತ್ತದೆ.

ನಿಮ್ಮ ಊರನ್ನೇ ನೋಡಿ. ಶಿಡ್ಲಘಟ್ಟದಲ್ಲಿ ಗೂಡು ಬೆಳೆಯುವವನ ಸುತ್ತ ಒಂದು ಲೋಕವೇ ಇದೆ. ಕುಣಿಗಲ್, ಮಾಗಡಿ ಕಡೆ ಮೈಸೂರು ತಳಿಯ ಬಿತ್ತನೆ ಗೂಡು ಬೆಳೆಯುವವರು, ಮೊಟ್ಟೆ ಮಾಡುವವರು, ಚರಕ, ಕಾಟೇಜ್ ಬೇಸಿನ್ ಎಂಬ ಸಣ್ಣ ಸಾಧನಗಳಲ್ಲಿ ಮಿಶ್ರತಳಿ ಗೂಡಿನ ನೂಲು ತೆಗೆದೇ ಬದುಕು ಕಟ್ಟಿಕೊಂಡ ರೀಲರ್‌ಗಳು, ಆ ನೂಲನ್ನೇ ಕೇಳುವ ಮಗ್ಗಗಳು. ಮಿಶ್ರತಳಿ ಹುಳು ಬಿಸಿಲು ತಡೆಯುತ್ತದೆ, ಸೊಪ್ಪು ಸ್ವಲ್ಪ ಕಳಪೆಯಾದರೂ ಹೇಗೋ ಗೂಡು ಕಟ್ಟುತ್ತದೆ, ಮನೆಯೊಳಗೇ ಮೇಯಿಸಬಹುದು. ದ್ವಿತಳಿ ಚೆನ್ನಾಗಿ ಬಂದರೆ 100 ಚಿಟ್ಟೆಗಳು ಇಟ್ಟ ಮೊಟ್ಟೆಗೆ ಗೂಡು 60 ಕಿಲೋ ದಾಟುತ್ತದೆ ನಿಜ, ಆದರೆ ಕೈಕೊಟ್ಟರೆ ಪೂರ್ತಿ ಕೈಕೊಡುತ್ತದೆ. ಎರಡು ಎಕರೆಯವನಿಗೆ ಒಂದು ಬೆಳೆ ಹೋಗುವುದೆಂದರೆ ಮಗಳ ಕಾಲೇಜಿನ ಫೀಸು ಹೋದಂತೆ. ಚೆನ್ನಾಗಿ ನಡೆಯುತ್ತಿರುವ ಹಳೆಯ ವ್ಯವಸ್ಥೆ ಇದ್ದವನಿಗೆ ಹೊಸದರ ಬೆಲೆ ಯಾವಾಗಲೂ ಹೆಚ್ಚು.

ಆಚೆ ಕಡೆ ಏನಾಯಿತು? 1956ರಲ್ಲಿ ಕೊಳ್ಳೇಗಾಲ ಹೋಯಿತು ಎಂದೆನಲ್ಲ. ತಮಿಳುನಾಡು ಹೊಸೂರು, ತಾಳವಾಡಿ, ಧರ್ಮಪುರಿಯ ಕಡೆ ಹೆಚ್ಚುಕಡಿಮೆ ಹೊಸದಾಗಿ ರೇಷ್ಮೆ ಕಟ್ಟಬೇಕಾಯಿತು. ಆಮೇಲೆ ಅದು ಈರೋಡು, ಉಡುಮಲೈಪೇಟೆ, ತೇನಿಯವರೆಗೂ ಹೋಯಿತು. ಅಲ್ಲಿ ಹೊಸದಾಗಿ ರೇಷ್ಮೆಗೆ ಇಳಿದ ರೈತನಿಗೆ ಮರೆಯಬೇಕಾದ ಹಳೆಯ ಅಭ್ಯಾಸವಿರಲಿಲ್ಲ. ಮೊದಲ ದಿನದಿಂದಲೇ ವಿ-1 ತೋಟ, ಅಗಲ ಸಾಲು, ಹನಿ ನೀರಾವರಿ, ತೋಟದಲ್ಲೇ ಹುಳುಮನೆ, ಎಲೆ ಬಿಡಿಸದೆ ರೆಂಬೆಯನ್ನೇ ಕತ್ತರಿಸಿ ಹಾಕುವ ಪದ್ಧತಿ. ನಿಮ್ಮ ನೆಂಟರ ಹುಳುಮನೆಯಲ್ಲಿ ನೀವು ನೋಡಿರುವುದು ಇದೇ ಇರಬೇಕು.

ಜೊತೆಗೆ ಚಾಕಿ ಕೇಂದ್ರಗಳು. ನನ್ನ ಕಣ್ಣಿಗೆ ಇದು ಹುಳುವಿನಷ್ಟೇ ದೊಡ್ಡ ಹೊಸತನ. ಮೊಟ್ಟೆ ಒಡೆಸಿ ಎರಡನೇ ಜ್ವರದವರೆಗೆ ಮರಿಹುಳು ಸಾಕುವುದು ರೇಷ್ಮೆಯಲ್ಲಿ ಅತಿ ಸೂಕ್ಷ್ಮವಾದ ಹಂತ, ಅಲ್ಲಿ ತಪ್ಪಿದ್ದು ಗೂಡಿನಲ್ಲಿ ಗೊತ್ತಾಗುತ್ತದೆ. ಆ ಕೆಲಸವನ್ನು ಪಳಗಿದ ಒಬ್ಬರೇ ನೂರಾರು ರೈತರಿಗಾಗಿ ಮಾಡಿ, ಎರಡನೇ ಜ್ವರ ಕಳೆದ ಹುಳುವನ್ನು ತಟ್ಟೆಯಲ್ಲಿಟ್ಟು ಮನೆಬಾಗಿಲಿಗೆ ಮುಟ್ಟಿಸುತ್ತಾರೆ. ಕಲಿಯಲು ಅತಿ ಕಷ್ಟವಾದ ಭಾಗವನ್ನು ರೈತ ಕಲಿಯಬೇಕಾಗಿಯೇ ಇಲ್ಲ, ಅದು ಹುಳುವಿನೊಳಗೇ ಸೇರಿ ಬರುತ್ತದೆ. ಮೊದಲು ಹೇಳಿದ ಹೊರೆ ನೆನಪಿದೆಯೇ? ಚಾಕಿ ಕೇಂದ್ರ ಆ ಹೊರೆಯಲ್ಲಿ ಅರ್ಧವನ್ನು ರೈತನ ತಲೆಯಿಂದ ಇಳಿಸಿತು. ಕಷ್ಟದ ಶೋಧ ಕಡ್ಡಿಯಷ್ಟು ಸುಲಭವಾಗದಿದ್ದರೂ, ಸುಮಾರಾಗಿ ಅದರ ಹತ್ತಿರಕ್ಕೆ ಬಂತು.

ಜ್ವಿ ಗ್ರಿಲಿಕಸ್ ಎಂಬ ಅರ್ಥಶಾಸ್ತ್ರಜ್ಞರು 1957ರಲ್ಲಿ ಅಮೆರಿಕದ ಹೈಬ್ರಿಡ್ ಮೆಕ್ಕೆಜೋಳದ ಬಗ್ಗೆ ಮಾಡಿದ ಕೆಲಸ ನಿಮ್ಮ ಪಾಠದಲ್ಲಿ ಬಂದಿರಬಹುದು. ಅಯೋವಾದಲ್ಲಿ ಕೆಲವೇ ವರ್ಷಗಳಲ್ಲಿ ಎಲ್ಲರೂ ಹೈಬ್ರಿಡ್‌ಗೆ ಬಂದರು, ಅಲಬಾಮಾ ಬಹಳ ತಡ ಮಾಡಿತು. ಅಲಬಾಮಾದ ರೈತ ದಡ್ಡನಾಗಿದ್ದ ಎಂದು ಗ್ರಿಲಿಕಸ್ ಹೇಳಲಿಲ್ಲ. ಹೈಬ್ರಿಡ್ ಎನ್ನುವುದು ಎಲ್ಲೆಡೆ ಬಿತ್ತಬಹುದಾದ ಒಂದು ಬೀಜವಾಗಿರಲಿಲ್ಲ, ಪ್ರತಿ ಪ್ರದೇಶಕ್ಕೂ ಬೇರೆ ಬೀಜ ತಯಾರಿಸುವ ಒಂದು ವಿಧಾನವಾಗಿತ್ತು, ಆ ತಯಾರಿ ದಕ್ಷಿಣದಲ್ಲಿ ತಡವಾಗಿ ಆಯಿತು ಎಂದು ತೋರಿಸಿದರು. ಪಡೆಯುವ ಪ್ರದೇಶವೂ ಸಂಶೋಧನೆ ಮಾಡಲೇಬೇಕು. ಹಿಂದೂಪುರದ ಬಳಿ ಕಿರಿಕೆರೆಯಲ್ಲಿ ಆಂಧ್ರದ್ದೇ ರೇಷ್ಮೆ ಸಂಶೋಧನಾ ಸಂಸ್ಥೆ ಇದೆ. ನಮ್ಮ ತಲಘಟ್ಟಪುರದಲ್ಲೂ ರಾಜ್ಯದ ಸಂಸ್ಥೆ ಇದೆ, ಸೇಲಂನಲ್ಲಿ ಕೇಂದ್ರದ ಪ್ರಾದೇಶಿಕ ಕೇಂದ್ರವಿದೆ. ಮೈಸೂರು ಒಂದಿದ್ದರೆ ಸಾಲದೇ ಎಂದು ಕೇಳುವವರಿಗೆ ಇದೇ ಉತ್ತರ. ಅನಂತಪುರದ ಒಣಹವೆಯಲ್ಲಿ ಹುಳುಮನೆಯ ತೇವ ಕಾಯುವ ಪಾಠವನ್ನು ಮೈಸೂರಿನ ತಂಪಿನಲ್ಲಿ ಕೂತು ಕಲಿಯಲಾಗುವುದಿಲ್ಲ.

ಇನ್ನು ನಷ್ಟದ ಮಾತು. ಇಲ್ಲಿ ಎರಡು ಕೀಟಗಳ ಕಥೆ ಹೇಳಲೇಬೇಕು.

1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಬಂತು. ಪಶ್ಚಿಮ ಬಂಗಾಳದಿಂದ ಬಂದ ಗೂಡಿನ ಜೊತೆ ಬಂತು ಎನ್ನುವುದು ಎಲ್ಲರೂ ಒಪ್ಪಿದ ಮಾತು. ಹುಳುವಿನ ಮೈಮೇಲೆ ಮೊಟ್ಟೆಯಿಡುವ ನೊಣ ಅದು, ಅದರ ಮರಿ ಹುಳುವನ್ನು ಒಳಗಿಂದ ತಿನ್ನುತ್ತದೆ. ಕರ್ನಾಟಕದಿಂದ ನೆರೆ ರಾಜ್ಯಗಳಿಗೂ ದಾಟಿತು. ಗೂಡು ಹೋದ ದಾರಿಯಲ್ಲೇ, ನೆಂಟರು ಹೋದ ದಾರಿಯಲ್ಲೇ ಹೋಯಿತು. ಅದನ್ನು ತಡೆಯುವ ಪರದೆಯೂ, ಅದರ ಕೋಶದೊಳಗೆ ಮೊಟ್ಟೆಯಿಟ್ಟು ಕೊಲ್ಲುವ ನೆಸೊಲಿಂಕ್ಸ್ ಎಂಬ ಪುಟ್ಟ ಕಣಜವೂ ಆಮೇಲೆ ಅದೇ ದಾರಿಯಲ್ಲಿ ಹೋದವು.

2008ರಲ್ಲಿ ಪಪ್ಪಾಯಿಯ ಹಿಟ್ಟುತಿಗಣೆ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡಿತು. ಪಪ್ಪಾಯಿಯಿಂದ ಹಿಪ್ಪುನೇರಳೆಗೆ ಹತ್ತಿ ಆ ಕಡೆಯ ತೋಟಗಳನ್ನು ಹಾಳುಗೆಡವಿತು. ಸೊಪ್ಪಿಗೆ ಔಷಧಿ ಹೊಡೆದರೆ ಹುಳುವೇ ಸಾಯುತ್ತದೆ, ರೈತನಿಗೆ ದಿಕ್ಕೇ ಇರಲಿಲ್ಲ. 2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟಗಳ ಸಂಸ್ಥೆ ಪೋರ್ಟೊ ರಿಕೊದಿಂದ ಅಸೆರೊಫೇಗಸ್ ಎಂಬ ಪರಾವಲಂಬಿ ಕಣಜವನ್ನು ತರಿಸಿ, ಅದರಿಂದ ಬೇರೆ ಹಾನಿಯಿಲ್ಲವೆಂದು ಖಚಿತಪಡಿಸಿಕೊಂಡು, ತಮಿಳುನಾಡಿಗೆ ಕೊಟ್ಟಿತು. ಅಲ್ಲಿನ ಕೃಷಿ ವಿಶ್ವವಿದ್ಯಾಲಯ ಅದನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿ ತೋಟಗಳಿಗೆ ಬಿಟ್ಟಿತು. ಕೆಲವೇ ತಿಂಗಳಲ್ಲಿ ಪೀಡೆ ತಗ್ಗಿತು. ಇದನ್ನು ತಮಿಳುನಾಡಿನ ಪೀಡೆ ಎಂದು ಬೆಂಗಳೂರು ಸುಮ್ಮನಿದ್ದಿದ್ದರೆ? ಚಾಮರಾಜನಗರಕ್ಕೂ ಕೊಯಮತ್ತೂರಿಗೂ ನಡುವೆ ಇರುವುದು ಒಂದು ಘಾಟಿ ರಸ್ತೆ. ನೆರೆಯವರ ತೋಟ ಉಳಿಸಿದ್ದು ನಮ್ಮ ತೋಟಕ್ಕೆ ಬೇಲಿ ಹಾಕಿದಂತೆ ಆಯಿತು.

ಹಾಗಾಗಿ ನಷ್ಟ ಎಂಬ ಲೆಕ್ಕ ಸರಿಯಲ್ಲ ಎಂದೇ ನಾನು ನಂಬುತ್ತೇನೆ. ತಮಿಳುನಾಡಿನ ಒಳ್ಳೆಯ ದ್ವಿತಳಿ ಗೂಡು ರಾಮನಗರಕ್ಕೆ ಬಂದಾಗ ನಮ್ಮ ರೀಲರ್‌ಗಳಿಗೆ ಕೆಲಸ ಸಿಕ್ಕಿತು, ದ್ವಿತಳಿಯ ನೂಲು ತೆಗೆಯುವ ಯಂತ್ರಗಳಿಗೆ ಕಚ್ಚಾ ಸಾಮಗ್ರಿ ಸಿಕ್ಕಿತು. ಅಂಥ ರೀಲರ್‌ಗಳು ಹೆಚ್ಚಿದಂತೆ ನಮ್ಮ ರೈತನಿಗೂ ದ್ವಿತಳಿಗೆ ಹೋಗುವ ಧೈರ್ಯ ಬರುತ್ತದೆ. ನಿಮ್ಮ ನೆಂಟರ ಗೆಲುವು ನಿಮ್ಮ ಮನೆಯ ಅಪಾಯವನ್ನು ಕಡಿಮೆ ಮಾಡುತ್ತದೆ. ನಷ್ಟ ಇರುವುದು ಬೇರೆ ಕಡೆ: ತಳಿ ತಯಾರಿಸಲು ಹಣ ಇಡುತ್ತೇವೆ, ಆದರೆ ಅದನ್ನು ರೈತನ ಮನೆಯವರೆಗೆ ಹೊತ್ತೊಯ್ಯುವ ವಿಸ್ತರಣಾಧಿಕಾರಿಯ ಹುದ್ದೆಯನ್ನು ಖಾಲಿ ಬಿಡುತ್ತೇವೆ. ನಾನಿದ್ದ ಕಡೆಯೇ ಒಬ್ಬರು ನಾಲ್ಕು ಜನರ ಕೆಲಸ ಮಾಡಿದ್ದನ್ನು ಕಂಡಿದ್ದೇನೆ. ಆ ವರ್ಷಗಳಲ್ಲಿ ಒಳ್ಳೆಯ ಶಿಫಾರಸುಗಳು ಕರಪತ್ರದ ಕಟ್ಟಿನಲ್ಲೇ ಉಳಿದವು. ಅದು ಈಗಲೂ ನನ್ನನ್ನು ನೋಯಿಸುತ್ತದೆ.

ನೀವು ಎಂ.ಎ. ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರೆ ಇದನ್ನೇ ತೆಗೆದುಕೊಳ್ಳಿ. ನಿಮ್ಮ ಊರಿನ ಇಪ್ಪತ್ತು, ನೆಂಟರ ಊರಿನ ಇಪ್ಪತ್ತು ಮನೆಗಳಿಗೆ ಹೋಗಿ. ಎಷ್ಟು ಕಿಲೋ ಬೆಳೆದಿರಿ ಎಂದು ಎಲ್ಲರೂ ಕೇಳುತ್ತಾರೆ. ನೀವು ಬೇರೆ ಕೇಳಿ. ವಿ-1 ಕಡ್ಡಿ ಯಾರ ತೋಟದಿಂದ ಬಂತು? ದ್ವಿತಳಿಯನ್ನು ಮೊದಲು ಯಾರ ಮನೆಯಲ್ಲಿ ನೋಡಿದಿರಿ? ಮೊದಲ ಬೆಳೆ ಹೋದಾಗ ಯಾರಿಗೆ ಫೋನು ಮಾಡಿದಿರಿ? ಆ ಕೊನೆಯ ಪ್ರಶ್ನೆಯ ಉತ್ತರಗಳನ್ನು ನಕ್ಷೆಯ ಮೇಲೆ ಗೆರೆ ಎಳೆದು ನೋಡಿ, ಎಷ್ಟು ಗೆರೆ ರಾಜ್ಯದ ಗಡಿಯನ್ನು ದಾಟುತ್ತವೆ ಎಂದು ಎಣಿಸಿ.

ಹೋಗುವುದಾದರೆ ಹುಳು ಐದನೇ ಹಂತದಲ್ಲಿರುವಾಗ ಹೋಗಿ, ಕೇಳುವುದಕ್ಕಿಂತ ನೋಡುವುದು ಹೆಚ್ಚಿರುತ್ತದೆ. ಒಂದೇ ದಿನ ಎರಡು ಹುಳುಮನೆ ಹೊಕ್ಕಬೇಡಿ, ಹೊಕ್ಕುವ ಮುಂಚೆ ಚಪ್ಪಲಿ ಹೊರಗೆ ಬಿಟ್ಟು ಕೈಕಾಲು ಸೋಂಕು ನಿವಾರಕದಲ್ಲಿ ತೊಳೆಯಿರಿ. ಆ ಮನೆಯ ರೋಗ ಈ ಮನೆಗೆ ನಿಮ್ಮ ಕಾಲಿನ ಜೊತೆ ದಾಟಬಾರದು.